ಹಕಾರ ಕಲಿಸಿದವರಿಗೆ

ಐದು ತಿಂಗಳ ಬಳಿಕ, ಕಳೆದ ಸೋಮವಾರ ರಾತ್ರಿ ಒಂಬತ್ತರ ವಾರ್ತೆಯನ್ನು ಮತ್ತೆ ನಾನು ಓದಿದೆ. ಅಂದಿನಿಂದ ಬರುತ್ತಿರುವ ಕರೆಗಳಿಗೆಲ್ಲ ಉತ್ತರಿಸುವಷ್ಟು ಮಾತನಾಡಲು ವೈದ್ಯರ ಅಪ್ಪಣೆ ಇನ್ನೂ ಸಿಕ್ಕಿಲ್ಲವಾದ್ದರಿಂದ, ಎಲ್ಲರಿಗೂ ಈ ಬರಹದಲ್ಲೇ ನಮಸ್ಕಾರ ಹೇಳುತ್ತಿದ್ದೇನೆ.

2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಬೆಳಿಗ್ಗೆ ಏಳಕ್ಕೆ ಸ್ಟುಡಿಯೋದಲ್ಲಿ ಕುಳಿತವಳಿಗೆ ಮಧ್ಯಾಹ್ನದ ಹೊತ್ತಿಗೆ ವಾಕ್ಯದ ನಡುವೆಯೇ ಗಂಟಲು ಕಟ್ಟಿತು. ಬಿಸಿನೀರು, ಶುಂಠಿ, ಜೇಷ್ಠಮಧು ಎಂದು ಮೂರು ವಾರ ದೂಡಿದೆ. ಕೊನೆಗೆ ತಜ್ಞರು ಗಂಟಲೊಳಗೆ ಪುಟ್ಟ ಕ್ಯಾಮೆರಾ ಇಳಿಸಿ ನೋಡಿ, ಸ್ವರತಂತುವಿನ ಮೇಲೆ ಪಾಲಿಪ್ ಎಂಬ ಸಣ್ಣ ಗಂಟು ಬೆಳೆದಿದೆ, ಶಸ್ತ್ರಚಿಕಿತ್ಸೆಯೇ ಆಗಬೇಕು ಎಂದರು. ಹೆಂಗಸರು ಮಾತನಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆಯಂತೆ. ಅಂಥ ಸೂಕ್ಷ್ಮವಾದುದನ್ನು ಇಟ್ಟುಕೊಂಡು ನಾನು ವರ್ಷಗಟ್ಟಲೆ ಚರ್ಚಾ ಕಾರ್ಯಕ್ರಮಗಳಲ್ಲಿ ಆರು ಜನರ ದನಿ ಅಡಗುವಂತೆ ಕೂಗಿದ್ದೇನೆ. ಹಾಗೆ ಕೂಗೆಂದು ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಮೊದಲ ಋಣ ಬಸವನಗುಡಿಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರಿಗೆ ಸಲ್ಲಬೇಕು. ನಾನು ಹಾಸನದ ಕಡೆಯವಳು. ನಮ್ಮ ಮನೆಯಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’. 1999ರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಟ್ಟೂರಿನ ಹೆಸರನ್ನೇ ವಾರ್ತೆಯಲ್ಲಿ ‘ಆಸನ’ ಎಂದು ಓದಿಬಿಟ್ಟಿದ್ದೆ. ನಾಲ್ಕನೆಯ ದಿನ ಕಚೇರಿಗೆ ಒಂದು ಅಂಚೆ ಕಾರ್ಡು ಬಂತು: “ತಾಯಿ, ಆಸನವೆಂದರೆ ಕೂರುವ ಪೀಠ. ನಿಮ್ಮ ಊರಿಗೆ ಸ್ವಲ್ಪ ಉಸಿರು ಕೊಡಿ.” ಅವಮಾನವಾದರೂ ವಿಳಾಸ ಹುಡುಕಿಕೊಂಡು ಹೋದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಉಸಿರು ತಾಗುವವರೆಗೂ ‘ಹಾಲು, ಹಣ್ಣು, ಹೂವು, ಹೊಸಹಳ್ಳಿ’ ಎಂದು ಹೇಳಿಸಿದರು. ಭಾರತವನ್ನು ‘ಬಾರತ’ ಎಂದಾಗಲೂ ಅದೇ ಅಂಗೈ, ಅದೇ ಉಸಿರು. ಎರಡು ವರ್ಷ ಕಾರ್ಡುಗಳು ಬರುತ್ತಲೇ ಇದ್ದವು.

ಶಸ್ತ್ರಚಿಕಿತ್ಸೆಯಾಗಿ ಏಳು ದಿನಗಳ ಪೂರ್ಣ ಮೌನದ ನಂತರ (ಪಿಸುಮಾತೂ ಕೂಡದು, ಅದರಿಂದಲೂ ಗಂಟಲು ಬಿಗಿಯುತ್ತದೆ ಎಂದಿದ್ದರು) ವಾಕ್ ಚಿಕಿತ್ಸಕಿ ಮೊದಲ ಪಾಠಕ್ಕೆ ಕೂರಿಸಿ, “ಮೇಡಂ, ಅಂಗೈ ಬಾಯಿಯ ಮುಂದೆ ಹಿಡಿಯಿರಿ, ಮೆಲ್ಲಗೆ ‘ಹಾ’ ಅನ್ನಿ” ಎಂದಾಗ ನನಗೆ ನಗು ಬಂದುಬಿಟ್ಟಿತು. ಸ್ವರದಿಂದ ಆರಂಭವಾಗುವ ಪದವನ್ನು ಒತ್ತಿ ನುಡಿದರೆ ತಂತುಗಳು ಬಿಗಿಯಾಗಿ ಮುಚ್ಚಿಕೊಂಡು ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಹಕಾರದಲ್ಲಿ ಉಸಿರು ಮುಂದಾಗಿ ಹೊರಟು, ತಂತುಗಳು ಮೆದುವಾಗಿ ಕೂಡುತ್ತವೆ ಎಂದು ಅವರು ವಿವರಿಸಿದರು. ನೀರಿನ ಲೋಟದೊಳಗೆ ಸ್ಟ್ರಾ ಇಟ್ಟು ಗುಳ್ಳೆ ಎಬ್ಬಿಸುತ್ತ ದನಿ ಹೊರಡಿಸುವುದನ್ನೂ ಅವರೇ ಕಲಿಸಿದರು. ಹೇಳಿದ್ದನ್ನೇ ಹೇಳಿಯೂ ಬೇಸರಿಸದ ಅವರಿಗೆ ನನ್ನ ವಂದನೆ. ಮೇಷ್ಟ್ರು ಈಗಿಲ್ಲ. ಅವರ ಮಗಳಿಗೆ ಈ ಸಂಗತಿಯನ್ನು ಬರೆದು ತಿಳಿಸಿದ್ದೇನೆ.

2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ, ಅವರು ಬಿಡುಗಡೆಯಾಗುವವರೆಗಿನ 108 ದಿನಗಳಲ್ಲಿ ಚಾಮರಾಜನಗರದ ಕಡೆಯಿಂದ ನಾವು ಕಳಿಸುತ್ತಿದ್ದ ಕ್ಯಾಸೆಟ್‌ಗಳನ್ನು ಸೀಟಿನ ಪಕ್ಕದಲ್ಲಿಟ್ಟುಕೊಂಡು ಮೆಜೆಸ್ಟಿಕ್‌ಗೆ ತಲುಪಿಸಿದ ಬಸ್ ಚಾಲಕರ ಹೆಸರೂ ನನಗೆ ಗೊತ್ತಿಲ್ಲ. 2006ರ ಏಪ್ರಿಲ್ 13ರಂದು, ಅದೇ ರಾಜ್‌ಕುಮಾರ್ ಅವರ ಅಂತ್ಯಕ್ರಿಯೆಯ ದಿನ, ಕಂಠೀರವ ಸ್ಟುಡಿಯೋದ ಬಳಿ ಕಲ್ಲು ತೂರಾಟದ ನಡುವೆ ನನ್ನನ್ನು ನೇರಪ್ರಸಾರದ ಓಬಿ ವ್ಯಾನಿನ ಮರೆಗೆ ತಳ್ಳಿ ತಾನು ಭುಜಕ್ಕೆ ಏಟು ತಿಂದ ಕ್ಯಾಮೆರಾಮನ್ ಅಣ್ಣ, ಈ ಸಲ ಆಸ್ಪತ್ರೆಗೂ ಬಂದು ಒಂದು ಮಾತೂ ಆಡದೆ ಅರ್ಧ ಗಂಟೆ ಕುಳಿತು ಹೋದರು. ನನಗೆ ಉತ್ತರಿಸುವ ಕಷ್ಟ ಬೇಡವೆಂದು ಇರಬೇಕು.

ಮೌನದ ತಿಂಗಳುಗಳಲ್ಲಿ ಡೆಸ್ಕ್‌ನಲ್ಲಿ ಕುಳಿತು ತಲೆಬರಹ ಬರೆಯಲು ಅವಕಾಶ ಕೊಟ್ಟ ಸಂಪಾದಕರಿಗೂ, ನನ್ನ ಜಾಗದಲ್ಲಿ ಓದಿದ, ನನಗಿಂತ ಗೇಣುದ್ದ ಎತ್ತರವಿದ್ದರೂ ಕುರ್ಚಿಯ ಮಟ್ಟವನ್ನು ಪ್ರತಿ ರಾತ್ರಿ ಮೊದಲಿನಂತೆಯೇ ಇಳಿಸಿಟ್ಟು ಹೋಗುತ್ತಿದ್ದ ಕಿರಿಯ ಸಹೋದ್ಯೋಗಿಗೂ ನಾನು ಋಣಿ. ಮನೆಯಲ್ಲಿ ಅತ್ತೆಯವರಿಗೆ ಕಿವಿ ಸ್ವಲ್ಪ ಮಂದ. ಅವರಿಗಾಗಿ ದಿನವೂ ಕೂಗಿ ಮಾತನಾಡುತ್ತಿದ್ದವಳು ಸ್ಲೇಟಿನಲ್ಲಿ ಬರೆದು ತೋರಿಸತೊಡಗಿದಾಗ, “ಈಗ ಕಣಮ್ಮ, ನೀನು ಹೇಳೋದು ನನಗೆ ಸರಿಯಾಗಿ ತಿಳೀತಿರೋದು” ಎಂದರು. ಆ ಸ್ಲೇಟು ಇನ್ನೂ ಅಡುಗೆಮನೆಯಲ್ಲಿದೆ.

ಸದ್ಯಕ್ಕೆ ನನಗೆ ದಿನಕ್ಕೊಂದೇ ವಾರ್ತೆ ಓದಲು ಅನುಮತಿ. ಚರ್ಚಾ ಕಾರ್ಯಕ್ರಮಗಳಿಗೆ ನಾನಾಗಿಯೇ ಬೇಡವೆಂದಿದ್ದೇನೆ. ನಿರೂಪಣೆಗೆಂದು ಕರೆದಿರುವ ಬಡಾವಣೆಯ ಸಂಘದವರು ದಯವಿಟ್ಟು ಈ ವರ್ಷ ಕ್ಷಮಿಸಬೇಕು. ಕಾರ್ಯಕ್ರಮಕ್ಕೆ ಖಂಡಿತ ಬರುತ್ತೇನೆ, ಮುಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತೇನೆ.