ಎಲೆಕ್ಟ್ರಿಕ್ ಬಸ್ಸು ಮೊದಲು ತುಮಕೂರು ಊರೊಳಗೆ ಓಡಲಿ

ಮಾನ್ಯ ಸಂಪಾದಕರೇ,

2023ರಲ್ಲಿ ಕೆಎಸ್‌ಆರ್‌ಟಿಸಿಯವರು ಬೆಂಗಳೂರು-ಮೈಸೂರು ಮಧ್ಯೆ ಎಲೆಕ್ಟ್ರಿಕ್ ಬಸ್ ಬಿಟ್ಟಾಗ ತುಂಬ ಖುಷಿಯಾಗಿತ್ತು. ಆದ್ರೆ ಅದು ದೂರದೂರಿಗೆ ಹೋಗೋ ಎಸಿ ಬಸ್ಸು, ಶಕ್ತಿ ಯೋಜನೆ ಅದಕ್ಕೆ ಬರಲ್ಲ. ತುಮಕೂರಲ್ಲಿ ಇಂಥ ಬಸ್ಸು ಮೊದಲು ಸಿಟಿ ರೂಟುಗಳಿಗೇ ಬರಬೇಕು ಅನ್ನೋದು ನನ್ನ ಒತ್ತಾಯ.

ಯಾಕಂದ್ರೆ ಹೊಗೆ ಕುಡೀತಿರೋರು ಇಲ್ಲಿನ ಜನ. ಬೆಳಗ್ಗೆ ಸ್ಕೂಲ್ ಟೈಮಲ್ಲಿ ಬಿ.ಎಚ್. ರಸ್ತೆಯಲ್ಲಿ ನಿಂತು ನೋಡಿ, ಹಳೇ ಬಸ್ಸೊಂದು ಸ್ಟಾಪಿಂದ ಹೊರಟ್ರೆ ಸಾಕು ಹಿಂದಿಂದ ಕಪ್ಪಗೆ ಬುಸ್ ಅಂತ ಬರುತ್ತೆ, ಸ್ಕೂಟರ್ ಮುಂದೆ ನಿಂತಿರೋ ಮಗು ಕಣ್ಣು ಮುಚ್ಕೊಳ್ಳುತ್ತೆ, ಫುಟ್‌ಪಾತಲ್ಲಿ ಹೂವು ಕಟ್ಟೋ ಅಮ್ಮ ಸೆರಗು ಮೂಗಿಗೆ ಹಿಡ್ಕೋತಾರೆ, ಅಷ್ಟರಲ್ಲಿ ಇನ್ನೊಂದು ಬಸ್ಸು. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಬಸ್ಸೊಳಗೂ ಸುಖ ಇಲ್ಲ, ರಶ್ ಇದ್ದಾಗ ಡ್ರೈವರ್ ಪಕ್ಕ ಬಾನೆಟ್ ಮೇಲೆ ಕೂತೋರಿಗೆ ಗೊತ್ತು ಆ ಕಾವು, ಡ್ರೈವರ್ ಅಣ್ಣ ಅಂತೂ ಇಡೀ ಡ್ಯೂಟಿ ಅದರ ಪಕ್ಕದಲ್ಲೇ ಕೂತು ಗೇರ್ ಎಳೀಬೇಕು. ಎಲೆಕ್ಟ್ರಿಕ್ ಬಸ್ಸಲ್ಲಿ ಆ ಇಂಜಿನ್ನೇ ಇಲ್ಲ. ನಿಂತು ನಿಂತು ಹೋಗೋ ರೂಟಲ್ಲಿ ಡೀಸೆಲ್ ಜಾಸ್ತಿ ಸುಡುತ್ತೆ, ಇದ್ರಲ್ಲಿ ಪ್ರತಿ ಸಲ ವೇಗ ಇಳಿಸಿದಾಗ ಒಂದಷ್ಟು ಕರೆಂಟು ಬ್ಯಾಟರಿಗೇ ವಾಪಸ್ ಹೋಗುತ್ತೆ.

ಹೊಗೆ ಇಲ್ಲಿ ನಿಂತ್ರೆ ಏನಾಯ್ತು, ಕರೆಂಟಿಗೆ ರಾಯಚೂರಲ್ಲಿ ಕಲ್ಲಿದ್ದಲು ಸುಡ್ತಾರಲ್ಲ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದ್ರೆ ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಮಳೆ ನೆಚ್ಚಿ ಸೋತ ರೈತರು ಸುಮಾರು 13,000 ಎಕರೆ ಜಮೀನು ಲೀಸಿಗೆ ಕೊಟ್ಟಿರೋದ್ರಿಂದ ಆಗಿರೋದು ಅದು. ತೊಂದರೆ ಏನಂದ್ರೆ ಬಿಸಿಲಿನ ಕರೆಂಟು ಬರೋದು ಹಗಲು, ಬಸ್ಸು ಹೆಚ್ಚಾಗಿ ಚಾರ್ಜಿಗೆ ಹಾಕೋದು ರಾತ್ರಿ ಡಿಪೋದಲ್ಲಿ. ಅದಕ್ಕೇ ಬಸ್ ಸ್ಟ್ಯಾಂಡಲ್ಲೇ ಫಾಸ್ಟ್ ಚಾರ್ಜರ್ ಹಾಕಿ, ಮಧ್ಯಾಹ್ನ ಜನ ಕಮ್ಮಿ ಇರೋ ಹೊತ್ತಲ್ಲಿ ಸರದಿ ಮೇಲೆ ಚಾರ್ಜ್ ಮಾಡೋ ಹಾಗೆ ಶೆಡ್ಯೂಲ್ ಈಗ್ಲೇ ಬರೆದಿಡಬೇಕು.

ಇನ್ನೊಂದು ಮಾತು. ಬೆಂಗಳೂರಲ್ಲಿ ಬಿಎಂಟಿಸಿ ಈ ಬಸ್ಸುಗಳನ್ನ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡಿದೆ, ಡ್ರೈವರ್ರು, ರಿಪೇರಿ ಎಲ್ಲಾ ಕಂಪನಿ ಕಡೆಯಿಂದ, ಕಂಡಕ್ಟರ್ ಮಾತ್ರ ನಿಗಮದವರು. ಇಲ್ಲೂ ಹಾಗೇ ಮಾಡಿದ್ರೆ ವರ್ಷಗಟ್ಟಲೆ ಗ್ರೀಸ್ ಕೈಯಲ್ಲಿ ಇಂಜಿನ್ ಬಿಚ್ಚಿ ಜೋಡಿಸಿರೋ ನಮ್ಮ ಡಿಪೋ ಮೆಕ್ಯಾನಿಕ್‌ಗಳು ಎಲ್ಲಿಗೆ ಹೋಗ್ಬೇಕು? ಬಸ್ಸು ಬರೋಕ್ಕಿಂತ ಮುಂಚೆ ಅವರಿಗೆ ಬ್ಯಾಟರಿ, ಮೋಟಾರ್ ಕೆಲಸದ ಟ್ರೈನಿಂಗ್ ಕೊಡ್ತೀವಿ ಅಂತ ಸಾರಿಗೆ ಇಲಾಖೆ ಬರವಣಿಗೆಯಲ್ಲಿ ಹೇಳಲಿ.

ಒಬ್ಬ ಸಿಟಿ ಬಸ್ ಪ್ರಯಾಣಿಕ,
ತುಮಕೂರು