ಗಿಡದ ಸಾರ: ಯಾವ ಕೋಶಕ್ಕೆ, ಎಷ್ಟು ಪ್ರಮಾಣಕ್ಕೆ?

ಮಾನ್ಯ ಸಂಪಾದಕರೇ,

ಇಂಥ ಗಿಡದ ಸಾರ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಪ್ರಮಾಣ ಏರಿಸಿದರೆ ಉಪ್ಪುನೀರೂ ಕೋಶ ಕೊಲ್ಲುತ್ತದೆ. ಔಷಧಕ್ಕೆ ಜಗ್ಗದ ಕ್ಯಾನ್ಸರನ್ನೂ ಸಾರ ಕೊಲ್ಲುತ್ತದೆ ಎಂದಮೇಲೆ ಕೇಳಬೇಕಾದ ಪ್ರಶ್ನೆಗಳೇ ಬೇರೆ.

ಕ್ಯಾನ್ಸರ್ ಕೋಶ ಔಷಧಕ್ಕೆ ತೋರುವ ಪ್ರತಿರೋಧದ ದಾರಿಗಳು ಹಲವು. ಹೆಚ್ಚು ಅಧ್ಯಯನವಾಗಿರುವುದು ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್. ಒಳಬಂದ ಔಷಧವನ್ನು ಅದು ಕೋಶದಾಚೆ ತಳ್ಳುತ್ತದೆ. ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್, ಯೂ ಮರದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡು ಕ್ಯಾನ್ಸರ್ ಔಷಧಗಳನ್ನೂ ಅದು ಸಲೀಸಾಗಿ ಹೊರಹಾಕುತ್ತದೆ. ಗಿಡಮೂಲ ಎಂದಮಾತ್ರಕ್ಕೆ ರಿಯಾಯಿತಿ ಇಲ್ಲ! ಯೂ ಮರದ ಎಲೆಯ ರಾಸಾಯನಿಕದಿಂದಲೇ ತಯಾರಾಗುವ ಕೀಮೋ ಔಷಧ ಡೋಸಿಟ್ಯಾಕ್ಸೆಲ್‌ನಲ್ಲಿ 7 ಮತ್ತು 10ನೇ ಸ್ಥಾನದ ಹೈಡ್ರಾಕ್ಸಿಲ್ ಎಂಬ ಪರಮಾಣು ಗುಂಪಿನ ಬದಲು ಮೆಥಾಕ್ಸಿ ಗುಂಪನ್ನು ಕೂರಿಸಿದರೆ ಅದೇ ಕ್ಯಾಬಜಿಟ್ಯಾಕ್ಸೆಲ್. ಪಂಪಿಗೆ ಇದರ ಮೇಲೆ ಹಿಡಿತ ಕಡಿಮೆ. ಡೋಸಿಟ್ಯಾಕ್ಸೆಲ್ ನಾಟದ ಪ್ರಾಸ್ಟೇಟ್ ಕ್ಯಾನ್ಸರಿಗೆ 2010ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬಿಳಿರಕ್ತಕಣ ಕುಸಿಯುವ ಕಾಟ ಮಾತ್ರ ಇದಕ್ಕೂ ಇದೆ.

ಆದ್ದರಿಂದ ಪರೀಕ್ಷೆ ಜೋಡಿ ಕೋಶಗಳಲ್ಲಿ ನಡೆಯಬೇಕು: ಪ್ರತಿರೋಧವಿಲ್ಲದ್ದು ಒಂದು, ಅದರಿಂದಲೇ ಬೆಳೆಸಿದ ಪ್ರತಿರೋಧಿ ಇನ್ನೊಂದು. ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ವಿಷಯವಿದೆ. ಪ್ರತಿರೋಧಿಗೆ ಐವತ್ತು ಪಟ್ಟು ಬೇಕಾದರೆ ಇಲ್ಲ. ಆರೋಗ್ಯವಂತ ಕೋಶಗಳ ಗತಿಯೇನು ಎಂಬುದನ್ನೂ ಜೊತೆಗೇ ನೋಡಬೇಕು. ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ ಶೇ 0.5 ದಾಟಿದರೆ ಕೊಂದದ್ದು ಯಾವುದು ಎಂದೇ ತಿಳಿಯದು. ಕಾಲೇಜು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ, ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯದು ಇನ್ನೊಂದು ತೊಡಕು. ಬದುಕಿರುವ ಕೋಶ ಹಳದಿ ಬಣ್ಣದ ಎಂಟಿಟಿ ರಾಸಾಯನಿಕವನ್ನು ನೇರಳೆಯಾಗಿಸುತ್ತದೆ, ಸರಿ. ಆದರೆ ಸಾರದಲ್ಲಿರುವ, ಗಿಡಗಳಲ್ಲಿ ಸಹಜವಾದ ಪಾಲಿಫಿನಾಲ್‌ಗಳು ಕೋಶವೇ ಇಲ್ಲದೆಯೂ ಹಾಗೆ ಮಾಡಬಲ್ಲವು. ಆಗ ಸತ್ತವೂ ಬದುಕಿದವುಗಳ ಲೆಕ್ಕಕ್ಕೆ ಸೇರುತ್ತವೆ. ತಟ್ಟೆಯ ಕೋಶ ಹಾಕದ ಗುಳಿಗಳಲ್ಲೂ ಸಾರ, ಎಂಟಿಟಿ ಎರಡನ್ನೂ ಸುರಿದು ನೋಡಿದರೆ ಗುಟ್ಟು ಬಯಲಾಗುತ್ತದೆ.

ಪಂಪನ್ನೇ ತಡೆಯುವ ಔಷಧಗಳು ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಬಹುತೇಕ ಸೋತಿವೆ. ಕರುಳು, ಮೂತ್ರಪಿಂಡ, ಮಿದುಳಿನ ರಕ್ತನಾಳಗಳಲ್ಲಿ ಅದೇ ಪಂಪ್ ನಮ್ಮನ್ನು ಕಾಯುತ್ತಿರುತ್ತದೆ. ಅದನ್ನು ಕಟ್ಟಿಹಾಕಿದರೆ ಕೀಮೋ ಔಷಧ ದೇಹದಲ್ಲಿ ಹೆಚ್ಚು ಹೊತ್ತು ನಿಂತು ವಿಷವಾಗಬಹುದು.

ಅರಿಶಿನದ ಕರ್ಕ್ಯುಮಿನ್ ಅನ್ನು ಗ್ರಾಂಗಟ್ಟಲೆ ನುಂಗಿದರೂ ರಕ್ತ ಸೇರುವುದು ಅತ್ಯಲ್ಪ. ಹಾಗಾಗಿ ಕಾಳುಮೆಣಸಿನ ಪೈಪರಿನ್ ಬೆರೆಸಿ ಮಾರುತ್ತಾರೆ. ಪೈಪರಿನ್ ಈ ಪಂಪನ್ನೂ, ಡೋಸಿಟ್ಯಾಕ್ಸೆಲ್ ಅರಗಿಸುವ ಯಕೃತ್ತಿನ ಕಿಣ್ವವನ್ನೂ ತಡೆಯಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಕೀಮೋಗೆ ಮೊದಲು ಅದರ ಡಬ್ಬಿಯನ್ನೇ ವೈದ್ಯರಿಗೆ ತೋರಿಸಲಿ.

– ಔಷಧ ರಸಾಯನಶಾಸ್ತ್ರದ ಇಬ್ಬರು ಅಧ್ಯಾಪಕರು, ಧಾರವಾಡ