ತುಕ್ಕು ಹಿಡಿದ ಸ್ಕ್ರೂಗೆ ಗ್ಯಾಸ್ ಬೆಂಕಿಯೇ ಮೊದಲ ಮದ್ದಾಗಬೇಕಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಕರಾವಳಿಯ ಕಾರುಗಳು ಸರ್ವಿಸ್‌ಗೆಂದು ಗ್ಯಾರೇಜುಗಳ ಮುಂದೆ ಸಾಲುಗಟ್ಟುವ ಈ ದಿನಗಳಲ್ಲಿ, ಬಿಲ್ಲಿನ ಕೊನೆಗೆ ‘ಸ್ಕ್ರೂ ಜಾಮ್, ಪಾರ್ಟ್ ಬದಲಿಸಿದೆ’ ಎಂಬ ಒಕ್ಕಣೆ ಕಾಣಿಸುವುದು ಮಾಮೂಲಾಗಿದೆ. ಕೆಲವೇ ರೂಪಾಯಿ ಬೆಲೆಯ ಸ್ಕ್ರೂ ಬಿಚ್ಚಲಿಲ್ಲವೆಂದು ಸಾವಿರಾರು ರೂಪಾಯಿಯ ಬಿಡಿಭಾಗ ಬದಲಾದರೂ ಗ್ರಾಹಕರು ಮರುಮಾತಿಲ್ಲದೆ ಹಣ ಕೊಟ್ಟು ಬರುತ್ತಾರೆ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಬಹುಕಾಲ ಪಾಠ ಹೇಳಿದ ನನಗೆ ಇದು ಒಪ್ಪಿತವಲ್ಲ. ಕಚ್ಚಿಕೊಂಡ ಸ್ಕ್ರೂಗಳ ಪೈಕಿ ಹೆಚ್ಚಿನವು ಕೆಡುವುದು ತಪ್ಪು ಉಪಕರಣದಿಂದ ಮತ್ತು ಅವಸರದಿಂದ. ತುಕ್ಕಿನ ಪಾಲು ಆಮೇಲಿನದು.

ಕಬ್ಬಿಣ ತುಕ್ಕಾಗಿ ಮಾರ್ಪಟ್ಟಾಗ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸ್ಕ್ರೂವಿನ ಥ್ರೆಡ್ಡಿಗೂ (ಮೈಸುತ್ತ ಕೊರೆದ ಸುರುಳಿ ಗೆರೆಗಳಿಗೂ) ಅದು ಕುಳಿತ ತೂತಿಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಉಬ್ಬಲು ಎಡೆಯಿಲ್ಲದೆ ಆ ತುಕ್ಕು ಎರಡೂ ಬದಿಗೆ ಒತ್ತಿ ಹಿಡಿಯುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಸಮುದ್ರದ ಉಪ್ಪೂ ಸೇರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿಟ್ಟುಕೊಳ್ಳುವುದರಿಂದ ಬಿಸಿಲು ಬಂದ ಮೇಲೂ ಕಾರಿನ ಅಡಿಭಾಗ ಪೂರ್ತಿ ಒಣಗುವುದಿಲ್ಲ. ಅಲ್ಯೂಮಿನಿಯಂ ಭಾಗಕ್ಕೆ ಉಕ್ಕಿನ ಸ್ಕ್ರೂ ಹಾಕಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಮ್ಮೇ ಸವೆದು ಬಿಳಿ ಪುಡಿಯಾಗಿ ಥ್ರೆಡ್ಡನ್ನು ಕಟ್ಟಿಹಾಕುತ್ತದೆ. ಹೀಗಿದ್ದೂ ಮಲ್ಪೆಯಲ್ಲಿ ಓಡುವ ಕಾರಿಗೂ ಕಲಬುರಗಿಯಲ್ಲಿ ಓಡುವ ಕಾರಿಗೂ ಕಂಪನಿ ಕೊಡುವ ಸರ್ವಿಸ್ ಪುಸ್ತಕ ಒಂದೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಜಪಾನ್ ಮೂಲದ ಹಲವು ಕಾರುಗಳಲ್ಲಿ ಬ್ರೇಕ್ ಡಿಸ್ಕನ್ನು ಚಕ್ರ ಕೂರುವ ನಡುಭಾಗವಾದ ಹಬ್‌ಗೆ ಎರಡು ಪುಟ್ಟ ಸ್ಟಾರ್ ಸ್ಕ್ರೂಗಳಿಂದ (ತಲೆಯಲ್ಲಿ ಕೂಡಿಸುವ ಗುರುತಿನ ಆಕಾರದ ಕುಳಿಯಿರುವವು) ಕೂರಿಸಿರುತ್ತಾರೆ. ಜೋಡಣೆಯ ವೇಳೆ ಡಿಸ್ಕ್ ಜಾರದಿರಲೆಂದು ಇರುವ ಸ್ಕ್ರೂಗಳಿವು. ಚಕ್ರ ಹಾಕಿದ ಮೇಲೆ ಡಿಸ್ಕನ್ನು ಒತ್ತಿ ಹಿಡಿಯುವ ಕೆಲಸ ವೀಲ್ ನಟ್ಟುಗಳದ್ದು. ಡಿಸ್ಕ್ ಬದಲಿಸಬೇಕಾದಾಗ ನಮ್ಮ ಮೆಕ್ಯಾನಿಕ್ ಕೈಗೆ ಸಿಕ್ಕಿದ ಎರಡನೇ ನಂಬರಿನ ಸ್ಕ್ರೂಡ್ರೈವರ್ ಹಾಕಿ ತಿರುಗಿಸುತ್ತಾನೆ. ಅದು ಜಾರುತ್ತದೆ. ಇನ್ನೆರಡು ಸಲ ಜಾರಿದರೆ ಸ್ಕ್ರೂವಿನ ತಲೆಯಲ್ಲಿದ್ದ ನಾಲ್ಕು ಮೂಲೆಗಳೂ ಸವೆದು ಗುಂಡಗಿನ ಕುಳಿಯಷ್ಟೇ ಉಳಿಯುತ್ತದೆ. ಅಲ್ಲಿಗೆ ಬೇಕಾದದ್ದು ಸಾಮಾನ್ಯವಾಗಿ ಮೂರನೇ ನಂಬರಿನ ತುದಿ, ಅದೂ ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಅಳತೆಯದು. ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದು ಅಮೆರಿಕದ ಕಾರು ಕಾರ್ಖಾನೆಗಳಿಗೆ ಒದಗಿಸಿದ ಸ್ಟಾರ್ ತಲೆಗೂ ಜಪಾನಿನದಕ್ಕೂ ಮೇಲುನೋಟಕ್ಕೆ ವ್ಯತ್ಯಾಸ ಕಾಣದು. ಆದರೆ ಫಿಲಿಪ್ಸ್ ತುದಿ ಜಪಾನಿನ ಸ್ಕ್ರೂವಿನ ತಳ ಮುಟ್ಟದೆ ಮೇಲೆಯೇ ನಿಲ್ಲುತ್ತದೆ. ಜಪಾನಿನ ಸ್ಕ್ರೂಗಳ ತಲೆಯ ಮೇಲೆ ಅನೇಕ ಸಲ ಒಂದು ಸಣ್ಣ ಚುಕ್ಕಿ ಇರುತ್ತದೆ. ತುಕ್ಕು ಕೆರೆದರೆ ಮಾತ್ರ ಅದು ಕಂಡೀತು.

ಆದ್ದರಿಂದ ಮೊದಲು ತಂತಿ ಬ್ರಷ್ಷಿನಿಂದ ತಲೆಯನ್ನು ಉಜ್ಜಿ, ಕುಳಿಯೊಳಗಿನ ಹೊಟ್ಟನ್ನು ದಬ್ಬಳದಿಂದ ಕೆದಕಿ ತೆಗೆದು, ಸರಿಯಾದ ತುದಿಯನ್ನು ಕೂರಿಸಿ ಸುತ್ತಿಗೆಯಿಂದ ನೇರವಾಗಿ ನಾಲ್ಕು ಪೆಟ್ಟು ಕೊಡಬೇಕು. ಆ ಅದುರಿಗೆ ಥ್ರೆಡ್ಡಿನ ತುಕ್ಕು ಬಿರಿಯುತ್ತದೆ. ಬಳಿಕ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬಳಸಿದರೆ, ಪ್ರತಿ ಏಟೂ ತುದಿಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸುವುದರಿಂದ ಜಾರುವ ಪ್ರಶ್ನೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹೆಚ್ಚೇನೂ ದುಬಾರಿಯಲ್ಲದ ಈ ಉಪಕರಣ ಎಷ್ಟೋ ಗ್ಯಾರೇಜುಗಳಲ್ಲಿ ಇಲ್ಲ, ಗ್ಯಾಸ್ ಕಟ್ಟರ್ ಮಾತ್ರ ಇರುತ್ತದೆ! ಇಷ್ಟಕ್ಕೂ ಬಗ್ಗದಿದ್ದರೆ ಸ್ಕ್ರೂವಿನ ತಲೆಯನ್ನಷ್ಟೇ ಡ್ರಿಲ್ ಮಾಡಿ ತೆಗೆಯಬಹುದು. ಡಿಸ್ಕ್ ಹೊರಬಂದ ಮೇಲೆ ಚಾಚಿಕೊಂಡಿರುವ ತುಂಡನ್ನು ಗ್ರಿಪ್ ಪ್ಲೈಯರಿನಲ್ಲಿ ಕಚ್ಚಿ ಹಿಡಿದು ಬಿಚ್ಚಲು ಬರುತ್ತದೆ. ಹಬ್ ಬದಲಿಸುವ ಮಾತೇ ಇಲ್ಲಿ ಹುಟ್ಟಬಾರದು. ಆದರೆ ನಮ್ಮೂರಿನ ಗ್ಯಾರೇಜೊಂದರಲ್ಲಿ ಇಂಥದೇ ಸ್ಕ್ರೂಗೆ ಗ್ಯಾಸ್ ಬೆಂಕಿ ಹಿಡಿದು, ಒಳಗಿನ ಬೇರಿಂಗಿನ ಗ್ರೀಸ್ ಕರಗಿ ಸೀಲ್ ಸುಟ್ಟು, ಕಡೆಗೆ ಹಬ್ ಮತ್ತು ಬೇರಿಂಗ್ ಎರಡರ ಬಿಲ್ಲನ್ನೂ ಮಾಲೀಕರ ಕೈಗಿತ್ತದ್ದನ್ನು ಕಂಡಿದ್ದೇನೆ.

ಎಣ್ಣೆಯ ವಿಷಯದಲ್ಲೂ ಇದೇ ಅವಸರ. ಎಲ್ಲ ಅಂಗಡಿಗಳಲ್ಲಿ ಸಿಗುವ ಡಬ್ಲ್ಯೂಡಿ-40 ಮೂಲತಃ 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಲೋಹದ ಮೇಲಿನ ನೀರನ್ನು ಸರಿಸಿ ತುಕ್ಕು ತಡೆಯಲೆಂದು ತಯಾರಾದದ್ದು. ಸಡಿಲಿಸುವ ಗುಣ ಅದಕ್ಕೂ ಇದೆ, ಆದರೆ ಇದಕ್ಕೆಂದೇ ಇರುವ ಪೆನಿಟ್ರೇಟಿಂಗ್ ಎಣ್ಣೆಗಳು ಹೆಚ್ಚು ಉಪಯುಕ್ತ. ಯಾವುದೇ ಆಗಲಿ, ಎಣ್ಣೆ ಕೂದಲೆಳೆಯ ಸಂದಿಯಲ್ಲಿ ತಾನಾಗಿ ಇಳಿಯಬೇಕು, ಅದಕ್ಕೆ ಹೊತ್ತು ಬೇಕು. ಸಂಜೆ ಸಿಂಪಡಿಸಿ, ಮೆಲ್ಲಗೆ ತಟ್ಟಿ, ಮಲಗುವ ಮುನ್ನ ಇನ್ನೊಮ್ಮೆ ಸಿಂಪಡಿಸಿ ಬೆಳಿಗ್ಗೆ ಕೈಹಾಕುವುದು ಹಳೆಯ ಮೇಸ್ತ್ರಿಗಳ ಕ್ರಮ. ಬಿಚ್ಚುವಾಗಲೂ ಒಂದೇ ಸಮನೆ ಎಳೆಯದೆ, ಮೊದಲು ತುಸು ಬಿಗಿಸಿ, ಆಮೇಲೆ ಅರ್ಧ ಸುತ್ತು ಸಡಿಲಿಸಿ, ಮತ್ತೆ ಹಿಂದಕ್ಕೆ ಮುಂದಕ್ಕೆ ಆಡಿಸುತ್ತ ತೆಗೆದರೆ ಬೋಲ್ಟು ತುಂಡಾಗುವ ಸಂಭವ ಕಡಿಮೆ. ಡಿಸ್ಕ್ ಮತ್ತು ಬ್ರೇಕ್ ಪ್ಯಾಡಿನ ಮೇಲೆ ಮಾತ್ರ ಎಣ್ಣೆ ಬೀಳಕೂಡದು.

ಬೆಂಕಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಸುತ್ತಲ ಭಾಗವನ್ನು ಹದವಾಗಿ ಕಾಯಿಸಿದರೆ ಉಕ್ಕಿನ ಬೋಲ್ಟು ಸಡಿಲವಾಗುವುದುಂಟು. ಸೈಲೆನ್ಸರಿನ ಬೋಲ್ಟುಗಳಿಗೆ ಅನೇಕ ಸಲ ಬೇರೆ ದಾರಿಯೂ ಇರುವುದಿಲ್ಲ. ಆದರೆ ಇಂಧನದ ಪೈಪು, ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್, ಕೀಲುಗಳನ್ನು ಮುಚ್ಚುವ ರಬ್ಬರ್ ಬೂಟು ಇವುಗಳ ಹತ್ತಿರ ಜ್ವಾಲೆ ತರುವುದಾಗಲಿ, ಆಗತಾನೇ ಎಣ್ಣೆ ಸಿಂಪಡಿಸಿದ ಜಾಗಕ್ಕೆ ಬೆಂಕಿ ಹಿಡಿಯುವುದಾಗಲಿ ಅಪಘಾತಕ್ಕೆ ದಾರಿ.

ಹಣಕ್ಕಿಂತ ದೊಡ್ಡ ಅಪಾಯವಿರುವುದು ಬ್ರೇಕಿನ ಬ್ಲೀಡರ್ ಸ್ಕ್ರೂವಿನಲ್ಲಿ, ಅಂದರೆ ಚಕ್ರದ ಬಳಿ ಹಳೆಯ ಬ್ರೇಕ್ ಆಯಿಲನ್ನು ಹೊರಬಿಡುವ ಸ್ಕ್ರೂವಿನಲ್ಲಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದರ ಕುದಿಬಿಂದು ಇಳಿಯುತ್ತ ಹೋಗುತ್ತದೆ. ಆದಕಾರಣ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವಂತೆ ಹೇಳಲಾಗುತ್ತದೆ. ಬ್ಲೀಡರ್ ಕಚ್ಚಿಕೊಂಡಿದ್ದರೆ ಕೆಲವರು ಬಾನೆಟ್ಟಿನಡಿಯ ಡಬ್ಬಿಯ ಆಯಿಲನ್ನಷ್ಟೇ ಹೀರಿ ತೆಗೆದು ಹೊಸದು ತುಂಬಿ ಕಳಿಸುತ್ತಾರೆ. ಚಕ್ರದ ಬಳಿಯ ಹಳೆಯ ಆಯಿಲ್ ಹಾಗೆಯೇ ಉಳಿಯುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ತುಳಿದು ಅದು ಕಾದು ಆವಿಯಾದರೆ ಪೆಡಲ್ ಒಳಕ್ಕೆ ಕುಸಿಯುತ್ತದೆ. ಈ ಸ್ಕ್ರೂವಿನ ಒಳಗೆ ಟೊಳ್ಳಿರುವುದರಿಂದ ಸಾಮಾನ್ಯ ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಮೂಲೆ ಸವೆಯುತ್ತದೆ, ಇಲ್ಲವೇ ಮುರಿಯುತ್ತದೆ. ಆರು ಮೂಲೆಯ ಸಾಕೆಟ್ಟೇ ಬೇಕು. ಬ್ಲೀಡರಿನ ತುದಿಗಿರುವ ರಬ್ಬರ್ ಟೋಪಿ ಕಳೆದುಹೋದ ಕಾರುಗಳಲ್ಲೇ ಈ ತೊಂದರೆ ಹೆಚ್ಚು. ಪುಡಿಗಾಸಿನ ಆ ಟೋಪಿ ಇದೆಯೇ ಎಂದು ಕಾರಿನವರು ತಾವೇ ಬಗ್ಗಿ ನೋಡಬಹುದು.

ಗ್ಯಾರೇಜಿನವರಲ್ಲಿ ನನ್ನ ವಿನಂತಿ ಇಷ್ಟೇ: ಕಚ್ಚಿಕೊಂಡ ಸ್ಕ್ರೂ ಕಂಡೊಡನೆ ಬೆಂಕಿ ಅಥವಾ ಕಟ್ಟರ್ ಹಿಡಿಯುವ ಮುನ್ನ ಮಾಲೀಕರಿಗೆ ಫೋನ್ ಮಾಡಿ, ಏನು ಕೆಡಬಹುದು, ಎಷ್ಟು ಖರ್ಚಾಗಬಹುದು ಎಂದು ತಿಳಿಸಿ ಒಪ್ಪಿಗೆ ಪಡೆಯಲಿ. ಮಾಲೀಕರೂ ಬೆಳಿಗ್ಗೆ ಬಿಟ್ಟ ಕಾರು ಸಂಜೆಗೇ ಬೇಕೆಂದು ಪಟ್ಟುಹಿಡಿಯದೆ ಒಂದು ರಾತ್ರಿಯ ಬಿಡುವು ಕೊಡಲಿ. ಕಾರು ಕಂಪನಿಗಳು ಕರಾವಳಿಗೆಂದೇ ಮಳೆಗಾಲದ ಮುಂಚಿನ ಒಂದು ಸರ್ವಿಸ್ ನಿಗದಿ ಮಾಡಿ, ಬ್ಲೀಡರ್, ಡಿಸ್ಕ್ ಸ್ಕ್ರೂ, ಬ್ಯಾಟರಿ ಕ್ಲ್ಯಾಂಪ್ ಮುಂತಾದವನ್ನು ಒಮ್ಮೆ ಸಡಿಲಿಸಿ ಮತ್ತೆ ಬಿಗಿಸುವುದನ್ನು, ತಕ್ಕ ಜಾಗದಲ್ಲಿ ತೆಳುವಾಗಿ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚುವುದನ್ನು ಅದರಲ್ಲಿ ಸೇರಿಸಬೇಕು. ವೀಲ್ ನಟ್ಟಿಗೆ ಮಾತ್ರ ಕಂಪನಿ ಹೇಳದ ಹೊರತು ಅದನ್ನು ಹಚ್ಚಬಾರದು. ಜಾರುಗುಣ ಹೆಚ್ಚಿ, ಅದೇ ಟಾರ್ಕಿಗೆ (ಬಿಗಿಸುವ ತಿರುಚು ಬಲಕ್ಕೆ) ನಟ್ಟು ಕೂರುವ ಬೋಲ್ಟಾದ ಸ್ಟಡ್ ಅಳತೆ ಮೀರಿ ಎಳೆತಕ್ಕೊಳಗಾಗುತ್ತದೆ.

ಐಟಿಐಗಳ ಬಗ್ಗೆಯೂ ಒಂದು ಮಾತು. ನಮ್ಮ ವರ್ಕ್‌ಶಾಪುಗಳಲ್ಲಿ ಹುಡುಗರು ಬಿಚ್ಚಿ ಜೋಡಿಸುವುದು ನೂರು ಸಲ ಬಿಚ್ಚಿ ನಯವಾದ, ಎಣ್ಣೆ ಹಚ್ಚಿಟ್ಟ ಎಂಜಿನುಗಳನ್ನು. ಗುಜರಿ ಅಂಗಡಿಯಿಂದ ತುಕ್ಕು ತಿಂದ ನಾಲ್ಕು ಹಬ್, ಕ್ಯಾಲಿಪರ್ (ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತುವ ಭಾಗ) ತಂದು ಪ್ರಾಯೋಗಿಕ ಪರೀಕ್ಷೆಗೆ ಇಡಲು ಸರಕಾರದ ಆದೇಶವೇನೂ ಬೇಕಾಗದು. ಮಂಗಳೂರು, ಉಡುಪಿ, ಕಾರವಾರದ ಸಂಸ್ಥೆಗಳು ಬರುವ ಪರೀಕ್ಷೆಯಿಂದಲೇ ಇದನ್ನು ಆರಂಭಿಸಬಹುದು.

ಇತಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಉಡುಪಿ